ಎಲೆಯ ಮೇಲಿನ ಏಳು ಗಂಟೆ

ಡಿಸೆಂಬರ್ ನಡುಭಾಗದ ಬೆಳಗಿನ ಜಾವ, ಇನ್ನೂ ನಾಲ್ಕೂವರೆ. ಕಳವಾರದ ಬೆಟ್ಟದ ಮೈಮೇಲೆ ಟಾರ್ಚು ಬೆಳಕಿನ ಸಾಲೊಂದು ನಿಧಾನವಾಗಿ ಮೇಲೇರುತ್ತಿದೆ. ಬೆಂಗಳೂರಿನಿಂದ ರಾತ್ರಿಯೇ ಹೊರಟು ಬಂದ ಹುಡುಗ ಹುಡುಗಿಯರು. ಪಾಪಾಗ್ನಿ ಮಠದ ಹತ್ತಿರ ಗಾಡಿ ನಿಲ್ಲಿಸಿ, ಬಂಡೆಗಳ ನಡುವಿನ ಕಾಲುದಾರಿ ಹಿಡಿದಿದ್ದಾರೆ. ಹಾಳುಬಿದ್ದ ಕೋಟೆಗೋಡೆ ದಾಟಿ ಹೊತ್ತು ಮೂಡುವ ಮೊದಲೇ ತುದಿ ಮುಟ್ಟಬೇಕು ಎಂಬ ಆತುರ ಅವರದು. ಅವರ ಬಾಯಲ್ಲಿ ಈ ಬೆಟ್ಟ ಸ್ಕಂದಗಿರಿ. ಊರಿನವರಿಗೆ ಕಳವಾರ ಬೆಟ್ಟ, ಕಳವಾರದುರ್ಗ. ತುದಿಯಲ್ಲಿ ನಿಂತರೆ ಚಿಕ್ಕಬಳ್ಳಾಪುರದ ಬಯಲೆಲ್ಲ ಬಿಳಿ ಮೋಡದ ಹಾಸಿನ ಕೆಳಗೆ ಮುಳುಗಿರುತ್ತದೆ. ಆಚೆ ನಂದಿಬೆಟ್ಟದ ನೆತ್ತಿ ಮಾತ್ರ ಮೇಲೆದ್ದು ಕಾಣುತ್ತದೆ. ಆ ನೋಟಕ್ಕಾಗಿಯೇ ಅವರು ನಿದ್ದೆಗೆಟ್ಟು ಬಂದಿದ್ದಾರೆ.

ಅದೇ ಹೊತ್ತಿಗೆ ಆ ಮೋಡದ ಹಾಸಿನ ಅಡಿಯಲ್ಲಿ ಬೆಳಕಿನ ಇನ್ನೊಂದು ಸಾಲು ಅಲುಗಾಡುತ್ತಿದೆ. ತಲೆಗೆ ಟಾರ್ಚ್ ಕಟ್ಟಿಕೊಂಡು, ಸ್ವೆಟರಿನ ಮೇಲೆ ಗಂಡಸರ ಹಳೆಯ ಅಂಗಿ ಏರಿಸಿಕೊಂಡ ಹೆಂಗಸರು ಗುಲಾಬಿ ಸಾಲುಗಳ ನಡುವೆ ಹೂ ಬಿಡಿಸುತ್ತಿದ್ದಾರೆ. ಮೇಲಿನಿಂದ ಮೋಡವಾಗಿ ಕಾಣುವುದು ಇವರಿಗೆ ಮಂಜು. ಹತ್ತು ಹೆಜ್ಜೆ ಆಚೆಯ ಗಿಡ ಕಾಣುವುದಿಲ್ಲ. ಕೈ ಹಾಕಿದಲ್ಲೆಲ್ಲ ನೀರು. ಸೀರೆಯ ಅಂಚು ಮೊಣಕಾಲಿನವರೆಗೆ ತೊಯ್ದು ಕಾಲಿಗೆ ಅಂಟಿದೆ. ಎಲೆಯ ತುದಿಯಿಂದ ಜಾರಿದ ಹನಿ ಕೆಳಗಿನ ಎಲೆಯ ಮೇಲೆ ತೊಟ್ಟಿಕ್ಕುವ ಸದ್ದು ಸಾಲಿನುದ್ದಕ್ಕೂ ಕೇಳುತ್ತದೆ.

"ಅಕ್ಕಾ, ಈ ಸಾಲು ಇನ್ನೂ ನೀರು ಸುರೀತಾ ಐತೆ. ಆಮೇಲೆ ಬಿಡಿಸೋಣ್ವಾ?"

"ಬಿಸಿಲು ಬರೋಗಂಟ ಮಾರ್ಕೆಟ್ಟು ಕಾಯ್ತದಾ? ಬಿಡಿಸು, ಬಿಡಿಸು."

ಈ ಎರಡು ಮಾತಿನಲ್ಲಿ ಹೂ ಬೆಳೆಯ ಬಹುದೊಡ್ಡ ಸಂಕಟ ಅಡಗಿದೆ. ಒದ್ದೆ ಗಿಡದಲ್ಲಿ ಕೈಯಾಡಿಸಬಾರದೆಂದು ಬಿಡಿಸುವವಳಿಗೂ ಗೊತ್ತು, ತೋಟದ ಯಜಮಾನನಿಗೂ ಗೊತ್ತು. ಒಂದು ಗಿಡದ ರೋಗ ಬೆರಳಿನ ನೀರಿನ ಜೊತೆ ಇನ್ನೊಂದಕ್ಕೆ ದಾಟುತ್ತದೆ. ಆದರೆ ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ ಹರಾಜು ಬೆಳಗಾಗುವ ಮುಂಚೆಯೇ ಕಾವೇರುತ್ತದೆ. ತಡವಾಗಿ ಬಂದ ಹೂವಿಗೂ ನೀರು ಕುಡಿದ ಹೂವಿಗೂ ಬೆಲೆ ಇಳಿಯುತ್ತದೆ. ಮೇಲೆ ನಿಂತವರು ಕಣ್ತುಂಬಿಕೊಳ್ಳುವ ಮಂಜು ಕೆಳಗೆ ಎಲೆಯ ಮೇಲೆ ಕುಳಿತು ಏನು ಮಾಡುತ್ತದೆ ಎಂಬುದನ್ನು ನೋಡಬೇಕಾದರೆ ಈ ಸಾಲುಗಳ ನಡುವೆಯೇ ನಿಲ್ಲಬೇಕು.

ಮಂಜು ಇಲ್ಲಿಗೆ ಸುಮ್ಮನೆ ಬರುವುದಿಲ್ಲ, ಈ ನೆಲದ ಏರುತಗ್ಗೇ ಅದನ್ನು ಕರೆಯುತ್ತದೆ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಸುತ್ತ ಎದ್ದಿರುವ ಬೆಟ್ಟಸಾಲಿನಲ್ಲಿ ನಂದಿಯೊಂದೇ 1,478 ಮೀಟರ್. ಮಳೆ ನಿಂತು ಆಕಾಶ ತಿಳಿಯಾದ ರಾತ್ರಿಗಳಲ್ಲಿ ಬಂಡೆ, ಮಣ್ಣು, ಎಲೆ ಎಲ್ಲವೂ ಹಗಲು ಹೀರಿದ ಶಾಖವನ್ನು ಬಯಲಿಗೆ ಬಿಟ್ಟುಕೊಡುತ್ತವೆ. ತಣ್ಣಗಾದ ಗಾಳಿ ಭಾರವಾಗಿ ಬೆಟ್ಟದ ಇಳಿಜಾರಿನಲ್ಲಿ ಜಾರಿ ಕೆರೆಯಂಗಳಕ್ಕೆ, ತಗ್ಗಿನ ಹೊಲಗಳಿಗೆ ಬಂದು ನಿಲ್ಲುತ್ತದೆ. ಸಂಜೆ 25 ಡಿಗ್ರಿ ಶಾಖ, ಶೇ 60 ಆರ್ದ್ರತೆ ಇದ್ದ ಗಾಳಿ ಎಂದುಕೊಳ್ಳಿ. ಅದಕ್ಕೆ ಹೊರಗಿನಿಂದ ಒಂದು ಹನಿ ನೀರನ್ನೂ ಸೇರಿಸಬೇಕಿಲ್ಲ. 17 ಡಿಗ್ರಿಯ ಆಸುಪಾಸಿಗೆ ತಣಿದರೆ ಸಾಕು, ಅದರ ಆರ್ದ್ರತೆ ಶೇ 100 ಮುಟ್ಟುತ್ತದೆ. ಆಮೇಲಿನದೆಲ್ಲ ಇಬ್ಬನಿ, ಮಂಜು. ಆಕಾಶಕ್ಕೆ ಮುಖ ಮಾಡಿದ ಎಲೆ ಗಾಳಿಗಿಂತಲೂ ಬೇಗ ತಣ್ಣಗಾಗುವುದರಿಂದ ಗಾಳಿಯಲ್ಲಿ ಮಂಜು ಕಾಣಿಸುವ ಮೊದಲೇ ಎಲೆ ಒದ್ದೆಯಾಗಿರುತ್ತದೆ. ಮಾರ್ಗಶಿರ, ಪುಷ್ಯದ ದಿನಗಳಲ್ಲಿ ರಾತ್ರಿ ಹತ್ತಕ್ಕೆ ಒದ್ದೆಯಾದ ಎಲೆ ಒಣಗುವುದು ಬೆಳಿಗ್ಗೆ ಎಂಟೂವರೆ, ಒಂಬತ್ತಕ್ಕೆ.

ಈ ನೀರಿಗಾಗಿ ಕಾದಿರುವ ಜೀವವೊಂದು ಗುಲಾಬಿ ಎಲೆಯ ಮೇಲಿದೆ. ರೈತರು ಅದನ್ನು ಕಪ್ಪು ಚುಕ್ಕೆ ಎನ್ನುತ್ತಾರೆ, ವಿಜ್ಞಾನಿಗಳು ಡಿಪ್ಲೊಕಾರ್ಪಾನ್ ರೋಸೆ ಎನ್ನುತ್ತಾರೆ. 1815ರಷ್ಟು ಹಿಂದೆಯೇ ಸ್ವೀಡನ್ನಿನಲ್ಲಿ ದಾಖಲಾದ ಈ ಶಿಲೀಂಧ್ರ ಇಂದು ಜಗತ್ತಿನಲ್ಲಿ ಗುಲಾಬಿ ಇರುವ ಕಡೆಯಲ್ಲೆಲ್ಲ ಇದೆ. ಇದರ ಬೀಜಕಣ ಗಾಳಿಯಲ್ಲಿ ಹೆಚ್ಚು ದೂರ ಹಾರುವಂಥದ್ದಲ್ಲ. ಉದುರಿದ ಎಲೆಯಲ್ಲಿ, ಹಳೆಯ ಕಡ್ಡಿಯ ಗಾಯದಲ್ಲಿ ಬಿದ್ದಿದ್ದು, ಮಳೆಹನಿ ಚಿಮ್ಮಿದಾಗ, ಇಬ್ಬನಿ ತೊಟ್ಟಿಕ್ಕಿದಾಗ, ಕತ್ತರಿ ತಗುಲಿದಾಗ ಮೇಲಿನ ಎಲೆಗೆ ಬರುತ್ತದೆ. ಬಂದ ಮಾತ್ರಕ್ಕೆ ರೋಗ ಹುಟ್ಟುವುದಿಲ್ಲ. ಎಲೆಯ ಮೇಲೆ ನೀರಿನ ಪೊರೆ ಕಡಿದುಹೋಗದೆ ಕನಿಷ್ಠ ಏಳು ಗಂಟೆ ನಿಲ್ಲಬೇಕು. ಅಷ್ಟು ಹೊತ್ತು ಸಿಕ್ಕರೆ ಬೀಜಕಣ ಮೊಳೆತು, ಎಲೆಯ ಮೇಣದ ಪದರವನ್ನು ಕೊರೆದು ಒಳಗಿಳಿಯುತ್ತದೆ. ಅದಕ್ಕೆ ಮೊದಲೇ ಬಿಸಿಲೋ ಗಾಳಿಯೋ ಎಲೆಯನ್ನು ಒಣಗಿಸಿತೋ, ಆ ರಾತ್ರಿಯ ದಾಳಿ ಅಲ್ಲಿಗೇ ಮುಗಿಯಿತು. 18ರಿಂದ 24 ಡಿಗ್ರಿ ಅದಕ್ಕೆ ಹಿತವಾದ ಶಾಖ. ಚಳಿ ಹೆಚ್ಚಾದರೆ ಮೊಳೆಯುವುದು ನಿಧಾನವಾಗಿ, ಬೇಕಾಗುವ ಗಂಟೆಗಳೂ ಹೆಚ್ಚುತ್ತವೆ. ಕಳವಾರದ ಮಂಜಿನ ರಾತ್ರಿಗಳು ಆ ಹೆಚ್ಚುವರಿ ಗಂಟೆಗಳನ್ನೂ ಧಾರಾಳವಾಗಿ ಕೊಡುತ್ತವೆ. ಒಂದು ವಾರ, ಹತ್ತು ದಿನದಲ್ಲಿ ಅಂಚು ಒಡೆದ ಕಪ್ಪು ಮಚ್ಚೆ ಮೂಡುತ್ತದೆ, ಸುತ್ತ ಹಳದಿ ಹರಡುತ್ತದೆ, ಎಲೆ ಕಳಚಿ ಬೀಳುತ್ತದೆ. ಬಿದ್ದ ಎಲೆ ಮುಂದಿನ ಸುತ್ತಿನ ದಾಳಿಗೆ ಬೀಜದ ಕಣಜವಾಗುತ್ತದೆ.

ಏಳೂವರೆಯ ಹೊತ್ತಿಗೆ ಮಂಜು ಹರಿಯತೊಡಗಿದಾಗ ತೋಟದಲ್ಲಿ ಒಂದು ಸುತ್ತು ಬಂದರೆ ಈ ಲೆಕ್ಕವೆಲ್ಲ ಗಿಡಗಳ ಮೇಲೆಯೇ ಬರೆದಿರುವುದು ಕಾಣುತ್ತದೆ. ಬೆಟ್ಟದ ಕಡೆಯ ಎತ್ತರದ ಸಾಲುಗಳಿಗೆ ಗಾಳಿ ಮೊದಲು ತಾಗುತ್ತದೆ. ಅಲ್ಲಿನ ಎಲೆಗಳ ಮೇಲಿನ ನೀರು ಆಗಲೇ ಆರಿದೆ, ಕೆಳಗಿನ ಒಂದೆರಡು ಎಲೆ ಬಿಟ್ಟರೆ ಚುಕ್ಕೆ ಕಡಿಮೆ. ಇಳಿಯುತ್ತ ಬಂದ ಹಾಗೆ ಹಸಿರು ತೆಳುವಾಗುತ್ತದೆ. ತೋಟದ ಪೂರ್ವದ ಬದುವಿನಲ್ಲಿ ಸಿಲ್ವರ್ ಓಕ್ ಸಾಲು. ಅದರ ನೆರಳು ಬಿದ್ದ ನಾಲ್ಕು ಸಾಲುಗಳಿಗೆ ಬಿಸಿಲು ಮುಟ್ಟುವಾಗ ಒಂಬತ್ತು ದಾಟಿರುತ್ತದೆ, ಅಲ್ಲಿ ಗಿಡದ ಕಾಲು ಬೋಳಾಗಿದೆ. ತಗ್ಗಿನ ಮೂಲೆಯಲ್ಲಿ ರಾತ್ರಿಯ ತಣ್ಣನೆಯ ಗಾಳಿ ಮಡುಗಟ್ಟುತ್ತದೆ, ಅಲ್ಲಿ ಉಳಿದಿರುವುದು ಕಡ್ಡಿಯ ತುದಿಯ ಚಿಗುರಷ್ಟೇ. ನೆಲ ಒಂದೇ, ತಳಿ ಒಂದೇ, ಗೊಬ್ಬರ ಒಂದೇ, ಹೊಡೆದ ಔಷಧಿಯೂ ಒಂದೇ. ಬೇರೆಯಾಗಿರುವುದು ಬಿಸಿಲು ಮುಟ್ಟುವ ಗಳಿಗೆ ಮಾತ್ರ. ಒಂದೇ ಎಕರೆಯಲ್ಲಿ ಮೂರು ಬಗೆಯ ಹವೆ ಇರುತ್ತದೆ ಎಂಬುದನ್ನು ಯಾವ ಹವಾಮಾನ ವರದಿಯೂ ಹೇಳಲಾರದು. ಆದರೆ ಈ ತೋಟವನ್ನು ವರ್ಷಗಟ್ಟಲೆ ನೋಡಿದ ಹೆಂಗಸೊಬ್ಬಳು ಕಣ್ಣು ಮುಚ್ಚಿಕೊಂಡೇ ಹೇಳುತ್ತಾಳೆ: "ರೋಗ ಅಂದ್ರೆ ಮೊದ್ಲು ಆ ಮೂಲೆಗೇ ಬರ್ತದೆ."

ಗಿಡದ ಒಳಗೂ ಹವೆ ಒಂದೇ ರೀತಿ ಇರುವುದಿಲ್ಲ. ಒತ್ತೊತ್ತಾಗಿ ನೆಟ್ಟ ಸಾಲಿನಲ್ಲಿ ಮೇಲಿನ ಎಲೆ ಒಣಗಿದರೂ ಬುಡದ ಎಲೆ ಗಂಟೆಗಟ್ಟಲೆ ಹಸಿಯಾಗಿಯೇ ಇರುತ್ತದೆ. ಯೂರಿಯಾ ಹೆಚ್ಚು ಉಂಡ ಗಿಡ ಮೆತ್ತನೆಯ ಎಲೆಗಳನ್ನು ದಟ್ಟವಾಗಿ ಬಿಡುತ್ತದೆ. ಅಂಥ ಎಲೆಯ ಪದರವನ್ನು ಕೊರೆಯುವುದು ಶಿಲೀಂಧ್ರಕ್ಕೆ ಸುಲಭ, ದಟ್ಟಣೆಯಲ್ಲಿ ಗಾಳಿಯೂ ಆಡುವುದಿಲ್ಲ. ಇನ್ನೂ ಅಗಲವಾಗುತ್ತಿರುವ ಎಳೆಯ ಎಲೆಗೆ ಸೋಂಕು ಬೇಗ ತಗಲುತ್ತದೆ. ಗಿಡದ ಕಡು ಹಸಿರನ್ನು ಕಂಡು ಹಿಗ್ಗುವ ಮನಸ್ಸು ಇದನ್ನು ಒಪ್ಪಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ.

ಶಿವರಾತ್ರಿ ಹತ್ತಿರವಾದಂತೆ ಮಂಜು ಹಿಂದೆ ಸರಿಯುತ್ತದೆ. ಹಗಲು ಬೆಚ್ಚಗೆ, ಗಾಳಿ ಒಣಗಿದ್ದು. ರಾತ್ರಿ ಇನ್ನೂ ತಂಪು. ಎಲೆ ಒದ್ದೆಯಾಗುವುದು ನಿಂತಿತು, ಇನ್ನು ರೋಗದ ಕಾಟವಿಲ್ಲ ಎಂದುಕೊಳ್ಳುವ ಹೊತ್ತಿಗೆ ಗುಲಾಬಿಯ ಚಿಗುರಿನ ಮೇಲೆ, ಮೊಗ್ಗಿನ ತೊಟ್ಟಿನ ಮೇಲೆ ಯಾರೋ ಬೂದಿ ಉದುರಿಸಿ ಹೋದಂತೆ ಬಿಳಿ ಪುಡಿ ಕಾಣಿಸುತ್ತದೆ. ಚಿಗುರೆಲೆ ಮುರುಟುತ್ತದೆ, ಮೊಗ್ಗು ಸರಿಯಾಗಿ ಅರಳುವುದಿಲ್ಲ. ಇದು ಬೂದಿ ರೋಗ, ಪೊಡೊಸ್ಫೀರಾ ಪ್ಯಾನೋಸಾ. ಕಪ್ಪು ಚುಕ್ಕೆಗೆ ಬೇಕಾದದ್ದು ಇದಕ್ಕೆ ಬೇಡ. ಎಲೆಯ ಮೇಲೆ ನೀರು ನಿಂತರೆ ಇದರ ಬೀಜಕಣ ಸರಿಯಾಗಿ ಮೊಳೆಯುವುದೇ ಇಲ್ಲ. ರಾತ್ರಿ 15–16 ಡಿಗ್ರಿ ತಂಪು, ಗಾಳಿಯಲ್ಲಿ ಶೇ 90ಕ್ಕೂ ಮೇಲ್ಪಟ್ಟ ಆರ್ದ್ರತೆ. ಹಗಲು 26–27 ಡಿಗ್ರಿ ಶಾಖ, ಶೇ 40ರಿಂದ 70ರ ಆರ್ದ್ರತೆ. ಈ ಎರಡರ ಸರದಿ ನಡೆಯುತ್ತಿದ್ದರೆ ಅದಕ್ಕೆ ಹಬ್ಬ. ರಾತ್ರಿಯ ಆರ್ದ್ರತೆಯಲ್ಲಿ ಬೀಜಕಣ ಬೆಳೆಯುತ್ತದೆ, ಹಗಲಿನ ಒಣ ಗಾಳಿಯಲ್ಲಿ ಬಿಡಿಸಿಕೊಂಡು ಹಾರುತ್ತದೆ. ಬಯಲುಸೀಮೆಯ ಮಾಘ ಮಾಸ ನಿಖರವಾಗಿ ಇಂಥದ್ದು.

ಹೀಗಾಗಿ ಒಂದಕ್ಕೆ ಮಾಡಿದ ಉಪಾಯ ಇನ್ನೊಂದಕ್ಕೆ ನಡೆಯುವುದಿಲ್ಲ. ಮೂರನೆಯ ರೋಗವೊಂದಿದೆ, ಅದರ ಸ್ವಭಾವ ಇನ್ನೂ ಬೇರೆ. ಪುಸ್ತಕದಲ್ಲಿ ಅದು ಬೂಜು ತುಪ್ಪಟ ರೋಗ, ಈ ಭಾಗದ ತೋಟಗಳಲ್ಲಿ 'ಡೌನಿ'. ಗುಲಾಬಿಯ ಡೌನಿ ಪೆರೊನೋಸ್ಪೊರಾ ಸ್ಪಾರ್ಸಾ ಎಂಬ ಜೀವಿಯಿಂದ ಬರುತ್ತದೆ. ಇಂಗ್ಲೆಂಡಿನಲ್ಲಿ 1862ರಲ್ಲಿ ಮೊದಲು ಗುರುತಿಸಿದ್ದು. ಎಲೆಚುಕ್ಕೆಯ ಶಿಲೀಂಧ್ರಗಳ ಜೊತೆಗೇ ಇದನ್ನೂ ಲೆಕ್ಕಿಸುವುದು ರೂಢಿಯಾದರೂ ವಂಶದಲ್ಲಿ ಇದು ಪಾಚಿಗಳಿಗೆ ಹತ್ತಿರ, ಅದಕ್ಕೇ ನೀರೆಂದರೆ ಇದಕ್ಕೆ ಅಷ್ಟು ಪ್ರೀತಿ. 18 ಡಿಗ್ರಿಯಲ್ಲಿ, ನೀರಿನ ಪೊರೆಯಲ್ಲಿ, ನಾಲ್ಕೇ ಗಂಟೆಯಲ್ಲಿ ಬೀಜಕಣ ಮೊಳೆಯುತ್ತದೆ. ಆರ್ದ್ರತೆ ಶೇ 85ಕ್ಕಿಂತ ಕೆಳಗಿಳಿದರೆ ಸೋಂಕು ತಡೆಯುತ್ತದೆ. ಶಾಖ 27 ಡಿಗ್ರಿ ದಾಟಿ ಒಂದು ದಿನ ನಿಂತರೆ ಬೀಜಕಣ ಸಾಯುತ್ತದೆ. ಮೋಡ ಮುಸುಕಿ, ಬಿಸಿಲೇ ಕಾಣದೆ, ಸೋನೆ ಹಿಡಿದ ವಾರದಲ್ಲಿ ಎಲೆಯ ಮೇಲೆ ನೇರಳೆಗೆಂಪಿನ ಮೂಲೆಮೂಲೆಯ ಮಚ್ಚೆ ಬರುತ್ತದೆ, ಹಿಂದೆ ತಿರುಗಿಸಿದರೆ ಬೂದುಬಣ್ಣದ ನವಿರಾದ ತುಪ್ಪಟ. ಮೂರ್ನಾಲ್ಕು ದಿನದಲ್ಲಿ ಗಿಡ ಎಲೆ ಚೆಲ್ಲುತ್ತದೆ.

2021ರ ನವೆಂಬರ್ ಈ ಸೀಮೆಯ ರೈತರ ನೆನಪಿನಲ್ಲಿ ಹಾಗೆಯೇ ಉಳಿದಿದೆ. ಮಳೆ ಮುಗಿದು ರಾಗಿ ಕೊಯ್ಲಿಗೆ ಅಣಿಯಾಗಬೇಕಿದ್ದ ಹೊತ್ತಿನಲ್ಲಿ ಆಕಾಶ ದಿನಗಟ್ಟಲೆ ಸುರಿಯಿತು. ವರ್ಷಗಳಿಂದ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. ತೆನೆಯಲ್ಲೇ ರಾಗಿ ಮೊಳೆಯಿತು, ದ್ರಾಕ್ಷಿ ಗೊಂಚಲು ಒಡೆಯಿತು, ಸೇವಂತಿಗೆ ಗಿಡದಲ್ಲೇ ಕೊಳೆಯಿತು. ಹೊಲಕ್ಕೆ ಕಾಲಿಡಲಾಗದ ಕೆಸರಿನಲ್ಲಿ ಔಷಧಿ ಹೊಡೆಯುವ ಮಾತೇ ಇರಲಿಲ್ಲ. ಹೊಡೆದರೂ ಮುಂದಿನ ಮಳೆ ತೊಳೆದು ಹಾಕುತ್ತಿತ್ತು. ರೋಗಾಣು ಪ್ರತಿ ವರ್ಷವೂ ಇಲ್ಲೇ ಇರುತ್ತದೆ. ಆ ವರ್ಷ ಅದಕ್ಕೆ ಬೇಕಾದಷ್ಟು ಗಂಟೆಗಳ ನೀರು ಸಿಕ್ಕಿತು, ಅಷ್ಟೇ.

ಡೌನಿ ಬಂದಾಗ ಪಕ್ಕದ ತೋಟದವನನ್ನು ದೂರುವುದು ಹಳ್ಳಿಯ ಜಗಳಗಳಲ್ಲಿ ಒಂದು. ಈ ಸೀಮೆಯಲ್ಲಿ ಗುಲಾಬಿಗೆ ಒತ್ತಿಕೊಂಡೇ ಬೆಂಗಳೂರ್ ಬ್ಲೂ, ದಿಲ್‌ಖುಷ್ ದ್ರಾಕ್ಷಿಯ ಚಪ್ಪರಗಳಿರುತ್ತವೆ. "ನಿನ್ನ ದ್ರಾಕ್ಷಿಯಿಂದಲೇ ನಮ್ಮ ಹೂವಿಗೆ ಡೌನಿ ಬಂದಿದ್ದು" ಎಂಬ ಮಾತು ಬೇಲಿಯಾಚೆ ಹಾರುತ್ತದೆ. ಆದರೆ ದ್ರಾಕ್ಷಿಯ ಡೌನಿಗೆ ಗುಲಾಬಿ ಬೇಡ, ಗುಲಾಬಿಯ ಡೌನಿಗೆ ದ್ರಾಕ್ಷಿ ಬೇಡ. ಎರಡೂ ಬೇರೆ ಬೇರೆ ಜೀವಿಗಳು. ಬೂದಿ ರೋಗದ ಮಾತೂ ಇದೇ. ಶಿಡ್ಲಘಟ್ಟದ ಹಿಪ್ಪುನೇರಳೆ ಎಲೆಯ ಅಡಿ ಹರಡುವ ಬೂದಿ ಗುಲಾಬಿಗೆ ಬರುವುದಿಲ್ಲ. ಎರಡು ತೋಟಗಳಿಗೂ ಸಮಾನವಾದದ್ದು ಆ ವಾರದ ಹವೆ. ಯುರೋಪಿನ ದ್ರಾಕ್ಷಿ ಬೆಳೆಗಾರರು ಸಾಲಿನ ತುದಿಗೆ ಗುಲಾಬಿ ಗಿಡ ನೆಡುವ ಹಳೆಯ ವಾಡಿಕೆಯ ಹಿಂದೆ ಇರುವ ತಿಳಿವಳಿಕೆಯೂ ಇದೇ: ಗುಲಾಬಿಯಲ್ಲಿ ಬೂದಿ ಕಂಡರೆ ಹವೆ ಕೆಟ್ಟಿದೆ, ಬಳ್ಳಿಯನ್ನು ನೋಡಿಕೋ ಎಂಬ ಎಚ್ಚರಿಕೆ. ಗುಲಾಬಿಯೂ ದ್ರಾಕ್ಷಿಯೂ ಒಂದೇ ಬದುವಿನ ಎರಡು ಮಗ್ಗುಲಿಗಿರುವ ಕಳವಾರದ ಸುತ್ತ ಆ ಎಚ್ಚರಿಕೆಯ ಗಂಟೆ ತಾನಾಗಿಯೇ ಕಟ್ಟಿದೆ. ಇಬ್ಬರು ನೆರೆಯವರು ಜಗಳ ಬಿಟ್ಟು ಒಬ್ಬರ ತೋಟವನ್ನು ಇನ್ನೊಬ್ಬರು ನೋಡಿದರೆ ಇಬ್ಬರಿಗೂ ಎರಡು ದಿನ ಮುಂಚೆ ಸುದ್ದಿ ಸಿಗುತ್ತದೆ.

ರಸ್ತೆಯ ಆಚೆ ಬಿಳಿ ಪ್ಲಾಸ್ಟಿಕ್ ಹೊದ್ದ ಪಾಲಿಹೌಸ್‌ಗಳ ಸಾಲು. ಒಳಗೆ ಉದ್ದ ಕಡ್ಡಿಯ ತಾಜ್‌ಮಹಲ್ ಗುಲಾಬಿ, ಪಕ್ಕದ ಮನೆಯಲ್ಲಿ ಜರ್ಬೆರಾ. ಮಳೆಹನಿ ಒಳಗೆ ಬೀಳದಿರುವುದರಿಂದ ಕಪ್ಪು ಚುಕ್ಕೆ ಇಲ್ಲಿ ಅಪರೂಪ. ಆದರೆ ಮಾಡು ಮಳೆಯನ್ನು ತಡೆದ ಹಾಗೆ ಗಿಡಗಳ ಉಸಿರನ್ನೂ ಒಳಗೇ ತಡೆಯುತ್ತದೆ. ಸಾವಿರಾರು ಎಲೆಗಳು ಹಗಲೆಲ್ಲ ಬಿಟ್ಟ ಆವಿ, ಚಳಿಗೆ ಹೆದರಿ ಸಂಜೆ ಐದಕ್ಕೇ ಇಳಿಸಿದ ಪಕ್ಕದ ಪರದೆಗಳ ಒಳಗೆ ಸಿಕ್ಕಿಬೀಳುತ್ತದೆ. ನಡುರಾತ್ರಿ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ನೀರು ಸಾಲುಗಟ್ಟಿ ತೊಟ್ಟಿಕ್ಕುತ್ತದೆ. ಬೂದಿ, ಡೌನಿ, ದಳ ಕೊಳೆಸುವ ಬೊಟ್ರೈಟಿಸ್ ಮೂರಕ್ಕೂ ಇದು ಬೇಕಾದ ಮನೆ. ಫೆಬ್ರವರಿ 14ರ ಪ್ರೇಮಿಗಳ ದಿನಕ್ಕೆ ಹೂ ಸಿಗಬೇಕೆಂದರೆ ಡಿಸೆಂಬರ್ ಕೊನೆಯ ಸುಮಾರಿಗೆ ಗಿಡ ಸವರಬೇಕು. ಎಂದರೆ ವರ್ಷದ ಬೆಲೆಬಾಳುವ ಚಿಗುರು ಒಡೆಯುವುದು ವರ್ಷದ ಅತಿ ಒದ್ದೆ ರಾತ್ರಿಗಳಲ್ಲಿ. ಅನುಭವಸ್ಥರು ಸಂಜೆಯ ಬೆಚ್ಚನೆಯ, ಆವಿ ತುಂಬಿದ ಗಾಳಿಯನ್ನು ಹೊರಗೆ ಬಿಟ್ಟು ಆಮೇಲೆ ಪರದೆ ಇಳಿಸುತ್ತಾರೆ, ಬೆಳಿಗ್ಗೆ ಬೇಗ ಎತ್ತುತ್ತಾರೆ. ಖರ್ಚಿಲ್ಲದ ಈ ಕೆಲಸ ಎಷ್ಟೋ ಬಾಟಲಿ ಔಷಧಿಯನ್ನು ಉಳಿಸುತ್ತದೆ.

ಬಯಲಿನಲ್ಲಿ ಸೇವಂತಿಗೆಯ ಬವಣೆ ಬೇರೆ. ವರಮಹಾಲಕ್ಷ್ಮಿ, ಗಣಪತಿ, ಆಯುಧಪೂಜೆ, ದೀಪಾವಳಿ: ಹೂವಿಗೆ ಬೆಲೆ ಬರುವ ಹಬ್ಬಗಳೆಲ್ಲ ಮಳೆಯ ತಿಂಗಳುಗಳಲ್ಲೇ. ವರ್ಷದ ಸುಮಾರು 700–750 ಮಿ.ಮೀ. ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೀಳುವ ಸೀಮೆ ಇದು. ಐಶ್ವರ್ಯ, ಪೂರ್ಣಿಮಾ, ಸೆಂಟ್ ಯೆಲ್ಲೊ ತಳಿಗಳ ಹೊಲ ದೂರದಿಂದ ಬಂಗಾರ, ಬೆಳ್ಳಿ. ಹತ್ತಿರ ಹೋಗಿ ಗಿಡದ ಬುಡ ಸರಿಸಿ ನೋಡಿದರೆ ಕಂದು, ಕಪ್ಪು. ಸೆಪ್ಟೋರಿಯಾ ಎಂಬ ಶಿಲೀಂಧ್ರದ ಚುಕ್ಕೆ ಮಣ್ಣಿಗೆ ಹತ್ತಿರದ ಎಲೆಯಿಂದ ಶುರುವಾಗಿ, ಮಳೆಹನಿ ಚಿಮ್ಮಿದಷ್ಟೂ ಒಂದೊಂದೇ ಮೆಟ್ಟಿಲು ಮೇಲೇರುತ್ತದೆ. ನೆಲಕ್ಕೆ ಮಲ್ಚಿಂಗ್ ಹೊದಿಕೆ ಹಾಸಿದ ಹೊಲದಲ್ಲಿ ಈ ಚಿಮ್ಮುವಿಕೆ ಕಡಿಮೆ. ಸಾಲಿನ ನಡುವೆ ಅಂತರ ಬಿಟ್ಟು, ಬುಡದ ಹಳದಿ ಎಲೆಗಳನ್ನು ಕಿತ್ತು ಹೊಲದಾಚೆ ಸುಟ್ಟವರ ಗಿಡದಲ್ಲಿ ಹೂ ಬಿಡಿಸುವ ತನಕ ಹಸಿರು ಉಳಿಯುತ್ತದೆ.

ನೀರು ಕೊಡುವ ಬಗೆಯೂ ಹವೆಯ ಒಂದು ಭಾಗ. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಈ ಜಿಲ್ಲೆಗೆ ಹನಿ ನೀರಾವರಿ ಬಂದದ್ದು ನೀರಿನ ಬಡತನದಿಂದ. ಬುಡಕ್ಕಷ್ಟೇ ನೀರುಣಿಸುವ ಆ ಕಪ್ಪು ಪೈಪು ಎಲೆಯನ್ನು ಒಣಗಿಡುವ ಉಪಕಾರವನ್ನೂ ಮಾಡಿತು. ತುಂತುರು ನೀರಾವರಿಯಲ್ಲಿ ಸಂಜೆ ನೀರು ಬಿಟ್ಟವನು ಇಬ್ಬನಿಯ ಗಂಟೆಗಳಿಗೆ ತನ್ನ ಕೈಯಾರೆ ಮೂರು ಗಂಟೆ ಸೇರಿಸುತ್ತಾನೆ. ಪಟ್ಟಣದ ಮನೆಗಳಲ್ಲಿ, ಬಾಲ್ಕನಿಯ ಗುಲಾಬಿ ಕುಂಡಕ್ಕೆ ಕೆಲಸ ಮುಗಿಸಿ ಬಂದು ಕತ್ತಲಾದ ಮೇಲೆ ಎಲೆ ತೊಯ್ಯುವಂತೆ ನೀರು ಸುರಿಯುವವರ ಗಿಡ ಬೋಳಾಗುವುದೂ ಇದೇ ಕಾರಣಕ್ಕೆ. ಬೆಳಿಗ್ಗೆ, ಬುಡಕ್ಕೆ ಎಂಬ ಎರಡು ಮಾತು ಪಾಲಿಸಿದರೆ ಕುಂಡದ ಗಿಡಕ್ಕೆ ಬೇರೆ ವೈದ್ಯವೇ ಹೆಚ್ಚಾಗಿ ಬೇಕಾಗುವುದಿಲ್ಲ.

ಕಳವಾರದಿಂದ ಯಾವ ದಿಕ್ಕಿಗೆ ಹೊರಟರೂ ರೋಗದ ಮುಖ ಬದಲಾಗುತ್ತದೆ. ಗೌರಿಬಿದನೂರಿನ ಕಡೆ ನೆಲ ಇಳಿಯುತ್ತದೆ, ಬಿಸಿಲು ಏರುತ್ತದೆ, ಮಂಜು ಬೇಗ ಹರಿಯುತ್ತದೆ. ಮೂಡಣದ ಚಿಂತಾಮಣಿಯ ಬಟ್ಟಬಯಲಿನಲ್ಲಿ ಗಾಳಿಗೆ ತಡೆ ಕಡಿಮೆ. ಶಿಡ್ಲಘಟ್ಟದಲ್ಲಿ ಇನ್ನೊಂದು ಎಚ್ಚರ ಬೇಕು. ಅಲ್ಲಿ ಹಿಪ್ಪುನೇರಳೆ ಎಲೆಯೇ ರೇಷ್ಮೆಹುಳುವಿನ ಊಟ. ಪಕ್ಕದ ಹೂವಿನ ಹೊಲದಲ್ಲಿ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ಆ ಎಲೆಗೆ ಬಿದ್ದರೆ ಗೂಡು ಕಟ್ಟಲು ಚಂದ್ರಿಕೆ ಏರಬೇಕಾದ ಹುಳುಗಳು ತಟ್ಟೆಯಲ್ಲೇ ಸಾಯಬಹುದು. ಒಬ್ಬನ ಹೂವಿನ ಮದ್ದು ಇನ್ನೊಬ್ಬನ ಗೂಡಿನ ನಷ್ಟವಾಗುವ ಸೀಮೆಯಲ್ಲಿ ಬೇಕಿಲ್ಲದ ಒಂದು ಸಿಂಪಡಣೆಯೂ ದುಬಾರಿಯೇ.

ಮದ್ದಿನ ಕಥೆ ಶುರುವಾದದ್ದೂ ಒಂದು ರಸ್ತೆಬದಿಯ ತೋಟದಲ್ಲೇ. ಫ್ರಾನ್ಸಿನ ಮೆಡಾಕ್ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಬೆಳೆಗಾರರು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬೆರೆಸಿ ಎರಚುತ್ತಿದ್ದರು. 1882ರಲ್ಲಿ ಆ ಬಳ್ಳಿಗಳಲ್ಲಿ ಮಾತ್ರ ಡೌನಿ ಇಲ್ಲದ್ದನ್ನು ಪಿಯರ್ ಮಿಲಾರ್ಡೆ ಕಂಡರು, 1885ರಲ್ಲಿ ಬೋರ್ಡೋ ದ್ರಾವಣವನ್ನು ಲೋಕಕ್ಕೆ ತಿಳಿಸಿದರು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ತೋಟಗಳಲ್ಲಿ ನಿಂತು ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ಬಗ್ಗೆ ಬರೆದರು, ಇದೇ ದ್ರಾವಣವನ್ನು ಅಡಿಕೆ ಗೊನೆಗೆ ತಂದರು. ಅವರ ಕೆಲಸದ ಹಿರಿಮೆ ಮದ್ದಿಗಿಂತ ಅದರ ಸಮಯದಲ್ಲಿದೆ. ಮಳೆ ಹಿಡಿಯುವ ಮೊದಲೇ ಗೊನೆಗೆ ಕವಚ ಹಾಕಬೇಕು, ರೋಗ ಒಳಹೊಕ್ಕ ಮೇಲೆ ಹೊಡೆದು ಪ್ರಯೋಜನವಿಲ್ಲ ಎಂಬುದು ಮಲೆನಾಡಿನ ಪ್ರತಿ ತೋಟಕ್ಕೂ ತಲುಪಿತು. ನೂರು ವರ್ಷ ಕಳೆದರೂ ಆ ಮಾತು ಸವೆದಿಲ್ಲ. ಇಂದಿಗೂ ಶೇ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಅಡಿಕೆ ಬೆಳೆಗಾರರ ನಾಲಿಗೆಯಲ್ಲೇ ಇದೆ.

ಹೂವಿನ ಸೀಮೆಗೆ ಅಂಥ ಸಮಯಪ್ರಜ್ಞೆ ಇನ್ನೂ ಇಳಿದಿಲ್ಲ ಎಂಬುದು ನನ್ನ ಕೊರಗು. ಔಷಧಿ ಅಂಗಡಿಯ ಮುಂದೆ ಬೆಳಿಗ್ಗೆ ಹತ್ತಕ್ಕೆ ನಿಂತರೆ ಕೇಳಿಬರುವುದು ಒಂದೇ ಮಾತುಕತೆ. ಕಿತ್ತು ತಂದ ಎಲೆಯೊಂದನ್ನು ಕಟ್ಟೆಯ ಮೇಲಿಟ್ಟು ರೈತ ಕೇಳುತ್ತಾನೆ: "ಅಣ್ಣಾ, ಇದಕ್ಕೆ ಯಾವ್ದು ಚೆನ್ನಾಗೈತೆ ಕೊಡು." ಹೋದ ಸಲ ಯಾವ ಗುಂಪಿನ ಔಷಧಿ ಹೊಡೆದೆ, ತೋಟದ ಯಾವ ಮೂಲೆಯಲ್ಲಿ ಶುರುವಾಯಿತು, ಎಲೆ ಎಷ್ಟು ಹೊತ್ತಿಗೆ ಒಣಗುತ್ತದೆ ಎಂದು ಕೇಳುವವರಿಲ್ಲ. ನಾಲ್ಕೈದು ದಿನಕ್ಕೊಮ್ಮೆ ಕ್ಯಾಲೆಂಡರ್ ನೋಡಿ ಸಿಂಪಡಣೆ. ಒಂದೇ ಗುಂಪಿನ ಔಷಧಿಯನ್ನು ಮತ್ತೆ ಮತ್ತೆ ಕಂಡ ಶಿಲೀಂಧ್ರ ಅದಕ್ಕೆ ಒಗ್ಗಿಕೊಳ್ಳುತ್ತದೆ. 32 ಡಿಗ್ರಿ ಬಿಸಿಲಿನಲ್ಲಿ ಹೊಡೆದ ಗಂಧಕ ಎಲೆಯನ್ನೇ ಸುಡುತ್ತದೆ. ಬೂದಿಗೆ ಹೊಡೆಯಬೇಕಾದದ್ದನ್ನು ಡೌನಿಗೆ ಹೊಡೆದರೆ ದುಡ್ಡು ಮಣ್ಣುಪಾಲು. ಮೂಗಿಗೆ ಟವೆಲ್ಲೊಂದನ್ನು ಸುತ್ತಿಕೊಂಡು ಬೆನ್ನಿಗೆ ಟ್ಯಾಂಕು ಹೊತ್ತ ಕೂಲಿಯಾಳು, ಮಾರನೆಯ ಬೆಳಿಗ್ಗೆ ಬರಿಗೈಯಲ್ಲಿ ಆ ಎಲೆಗಳ ನಡುವೆ ಹೂ ಬಿಡಿಸುವ ಹೆಂಗಸು, ಆ ಹೂವನ್ನು ಮುಡಿಯುವವರು, ದೇವರಿಗೆ ಏರಿಸುವವರು ಎಲ್ಲರ ಮೇಲೂ ಅದರ ಪಾಲು ಬೀಳುತ್ತದೆ.

ಬೇರೆ ದಾರಿ ಇಲ್ಲವೆಂದಲ್ಲ. ಎಲೆ ಒದ್ದೆಯಾಗಿರುವ ಗಂಟೆ ಮತ್ತು ಆಗಿನ ಶಾಖ, ಈ ಎರಡನ್ನು ಕೂಡಿಸಿ ರೋಗದ ಮುನ್ಸೂಚನೆ ಕೊಡುವ ಕೋಷ್ಟಕವನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಮಿಲ್ಸ್ ಸೇಬಿನ ತೋಟಗಳಿಗಾಗಿ 1944ರಲ್ಲೇ ಪ್ರಕಟಿಸಿದ್ದರು. ನಮ್ಮಲ್ಲಿ ಅದಕ್ಕೆ ಬೇಕಾದ ಸಲಕರಣೆ ಬಹುಪಾಲು ಆಗಲೇ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿವೆ. ಶಾಖ, ಆರ್ದ್ರತೆ, ಗಾಳಿ ಅಳೆಯುವ ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳಿವೆ. ರೈತ ಫೋನಿನಲ್ಲಿ ಕೇಳಿ ತಿಳಿಯಲು 'ವರುಣ ಮಿತ್ರ' ಇದೆ. ಕೃಷಿ ಹವಾಮಾನ ಸಲಹೆಗಳು ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಹೊರಡುತ್ತವೆ. ಚಿಂತಾಮಣಿಯ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ದೂರವೇನಲ್ಲ. ಗಾಳಿಯ ಆರ್ದ್ರತೆ ಶೇ 90 ದಾಟಿದ ಗಂಟೆಗಳನ್ನು ಎಣಿಸಿದರೆ ಎಲೆಯ ಒದ್ದೆಯ ಹೊತ್ತು ಸರಿಸುಮಾರು ಸಿಗುತ್ತದೆ. ಮಳೆ ಎಷ್ಟು ಮಿ.ಮೀ. ಬಿತ್ತು ಎಂದು ಹೇಳುವ ವ್ಯವಸ್ಥೆಯೇ 'ನಿನ್ನೆ ರಾತ್ರಿ ನಿಮ್ಮ ಹೋಬಳಿಯಲ್ಲಿ ಎಲೆ ಹತ್ತು ಗಂಟೆ ಒದ್ದೆಯಾಗಿತ್ತು, ಶಾಖ 17 ಡಿಗ್ರಿ, ಗುಲಾಬಿಗೆ ಡೌನಿ ಅಪಾಯವಿದೆ' ಎಂದೂ ಕನ್ನಡದಲ್ಲಿ ಹೇಳಬಲ್ಲದು. ಅಪಾಯವಿಲ್ಲದ ದಿನ 'ಇಂದು ಹೊಡೆಯಬೇಕಿಲ್ಲ' ಎನ್ನುವುದು ಅದಕ್ಕಿಂತ ದೊಡ್ಡ ಉಪಕಾರ.

ಅಂಥ ಮುನ್ಸೂಚನೆ ಬರುವ ತನಕ ಕಾಯಬೇಕಾದ್ದೂ ಇಲ್ಲ. ತೋಟದ ಮೂರು ಜಾಗಗಳನ್ನು, ಎತ್ತರದ ಸಾಲು, ನಡುವಿನ ಸಾಲು, ತಗ್ಗಿನ ಮೂಲೆ, ಗೊತ್ತು ಮಾಡಿಕೊಂಡು, ರಾತ್ರಿ ಮಲಗುವ ಮುನ್ನ ಒಮ್ಮೆ, ಬೆಳಿಗ್ಗೆ ಒಣಗುವಾಗ ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿ ಒಂದು ನೋಟ್ ಪುಸ್ತಕದಲ್ಲಿ ಹೊತ್ತು ಬರೆದಿಟ್ಟರೆ, ಒಂದೇ ಹಂಗಾಮಿನಲ್ಲಿ ಆ ತೋಟದ ರೋಗದ ಪಂಚಾಂಗ ಸಿದ್ಧವಾಗುತ್ತದೆ. ಬದುವಿನ ಮರದ ಕೆಳಗಿನ ಕೊಂಬೆ ಸವರಿ ಬೆಳಗಿನ ಬಿಸಿಲನ್ನು ಒಂದು ಗಂಟೆ ಮುಂಚೆ ಒಳಗೆ ಬಿಟ್ಟುಕೊಳ್ಳಬಹುದು. ಸಾಲುಗಳನ್ನು ಗಾಳಿ ಬೀಸುವ ದಿಕ್ಕಿಗೆ ನೆಡಬಹುದು. ಆರೋಗ್ಯವಾಗಿರುವ ಸಾಲನ್ನು ಮೊದಲು, ರೋಗದ ಮೂಲೆಯನ್ನು ಕೊನೆಗೆ ಬಿಡಿಸಬಹುದು. ಮಂಜನ್ನು ಕಳವಾರದ ಬೆಟ್ಟದಿಂದ ಓಡಿಸಲು ಯಾರಿಂದಲೂ ಆಗದು. ಎಲೆಯ ಮೇಲೆ ಅದು ಕೂರುವ ಹತ್ತು ಗಂಟೆಯನ್ನು ಆರಕ್ಕೆ ಇಳಿಸುವುದು ಮಾತ್ರ ರೈತನ ಕೈಯಲ್ಲೇ ಇದೆ. ಕಪ್ಪು ಚುಕ್ಕೆಯ ಶಿಲೀಂಧ್ರಕ್ಕೆ ಏಳು ಬೇಕು. ಆ ಒಂದು ಗಂಟೆಯ ಅಂತರವನ್ನು ಪ್ರತಿ ಹೋಬಳಿಯ ಪ್ರತಿ ಹೂ ಬೆಳೆಗಾರನಿಗೆ ತಿಳಿಸಿಕೊಡುವುದು ನಮ್ಮ ತೋಟಗಾರಿಕೆ ಇಲಾಖೆ, ವಿಶ್ವವಿದ್ಯಾಲಯಗಳ ಮುಂದಿರುವ ದೊಡ್ಡ ಕೆಲಸ. ಅದು ಮುಂದಿನ ಚಳಿಗಾಲಕ್ಕೆ ಮೊದಲೇ ಆಗಬೇಕು.